ಆಸ್ಕರ್ ವರ್ನರ್ ಯಾರು? ಅಷ್ಟು ಒಳ್ಳೆಯ ನಟ ಸಿನಿಮಾದಲ್ಲಿ ಯಾಕೆ ಅಷ್ಟು ಕಡಿಮೆ ಕಾಣಿಸಿಕೊಂಡರು?

ಅವರು ಆಸ್ಟ್ರಿಯಾದ ನಟ. ಅವರಿಗೆ ನಾಟಕವೇ ಮೊದಲು, ಸಿನಿಮಾ ಆಮೇಲೆ. ಅದೇ ದೊಡ್ಡ ಕಾರಣ.

1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅವರು 18ನೇ ವಯಸ್ಸಿಗೇ ಅಲ್ಲಿನ ಹೆಸರಾಂತ ಬುರ್ಗ್‌ಥಿಯೇಟರ್ ಸೇರಿದರು. ಆಗ ಯುದ್ಧ ನಡೀತಿತ್ತು, ಹಿಟ್ಲರನ ಸೇನೆಗೆ ಹೋಗಲೇಬೇಕಾಯಿತು. ಅವರಿಗೋ ನಾಜಿಗಳನ್ನು ಕಂಡರೆ ಆಗದು, ಹೆಂಡತಿ ಬೇರೆ ಅರ್ಧ ಯಹೂದಿ. 1944ರ ಡಿಸೆಂಬರ್‌ನಲ್ಲಿ ಸೇನೆ ಬಿಟ್ಟು, ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ವಿಯೆನ್ನಾ ಪಕ್ಕದ ಕಾಡಿನಲ್ಲಿ ಅಡಗಿ ಕೂತರು. ಸಿಕ್ಕಿಬಿದ್ದಿದ್ದರೆ ಪ್ರಾಣವೇ ಹೋಗ್ತಿತ್ತು. 1951ರ 'ಡಿಸಿಷನ್ ಬಿಫೋರ್ ಡಾನ್'ನಲ್ಲಿ ಅಮೆರಿಕದ ಪರ ಗೂಢಚಾರನಾಗುವ ಜರ್ಮನ್ ಸೈನಿಕನ ಪಾತ್ರ ಮಾಡಿದಾಗ ಆ ಭಯ ಅವರಿಗೆ ಚೆನ್ನಾಗಿ ಗೊತ್ತಿದ್ದದ್ದೇ, ಅಲ್ವಾ?

ಅವರನ್ನು ಜಗತ್ತಿಗೆ ಪರಿಚಯ ಮಾಡಿಸಿದ್ದು 1962ರ ಸಿನಿಮಾ 'ಜೂಲ್ಸ್ ಅಂಡ್ ಜಿಮ್'. ಆ ಮೆತ್ತಗಿನ ದನಿ ಒಮ್ಮೆ ಕೇಳಿದರೆ ಮರೆಯೋದು ಕಷ್ಟ. 'ಶಿಪ್ ಆಫ್ ಫೂಲ್ಸ್'ಗೆ ಆಸ್ಕರ್ ಪ್ರಶಸ್ತಿಯ ನಾಮನಿರ್ದೇಶನವೂ ಬಂತು.

ಆದರೆ ಅವರು ಯಾರಿಗೂ ಬಗ್ಗುವವರಲ್ಲ. 1966ರ 'ಫ್ಯಾರನ್‌ಹೀಟ್ 451' ಚಿತ್ರೀಕರಣದಲ್ಲಿ ನಿರ್ದೇಶಕ ಟ್ರೂಫೋ ಜೊತೆ ಜಗಳ ಎಲ್ಲಿಗೆ ಮುಟ್ಟಿತೆಂದರೆ, ದೃಶ್ಯಗಳು ಒಂದಕ್ಕೊಂದು ಹೊಂದದಿರಲಿ ಅಂತಲೇ ಕೊನೆಯಲ್ಲಿ ತಲೆಕೂದಲು ಕತ್ತರಿಸಿಕೊಂಡರು. ಆಮೇಲೆ ಕುಡಿತ ಜಾಸ್ತಿಯಾಯಿತು, ಕೊನೆಯ ಸಿನಿಮಾ ಬಂದದ್ದು 1976ರಲ್ಲಿ.

1984ರ ಅಕ್ಟೋಬರ್ 23ರಂದು ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಟ್ರೂಫೋ ತೀರಿಹೋಗಿ ಬರೀ ಎರಡು ದಿನ ಆಗಿತ್ತು.