ಹನ್ನೊಂದನೇ ಕ್ರಾಸಿಗೆ ಜ್ವರ ಬಂದರೆ ತಪ್ಪೇನು?

ಮಾನ್ಯ ಸಂಪಾದಕರೇ, ನಾನು 32 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ನನ್ನ ಮೊಮ್ಮಗ ಗೆಳೆಯರ ಜೊತೆ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದಾನೆ. ಭಾನುವಾರ ನಮ್ಮ ಕಾರ್ ಶೆಡ್ಡಿನಲ್ಲೇ ಪ್ರಾಕ್ಟೀಸ್. ಕನ್ನಡದಲ್ಲಿ ಹಾಡುತ್ತಾರೆ, ಅದು ಸಂತೋಷ. ಆದರೆ ಸಾಹಿತ್ಯ ನೋಡಿ: "ಕರೆಂಟ್ ಕಂಬದ ಕಿವಿಯಲ್ಲಿ ಹುಣಸೆ ಹೂವು / ಹನ್ನೊಂದನೇ ಕ್ರಾಸಿಗೆ ಜ್ವರ ಬಂತು / ತಾತನ ಕನ್ನಡಕ ಊಟ ಬಿಟ್ಟಿತು." ಅರ್ಥವೇನೋ ಎಂದು ಕೇಳಿದರೆ "ಅರ್ಥ ಯಾಕೆ ತಾತ, ಇದು ರಾಕ್" ಅನ್ನುತ್ತಾನೆ. ಅರ್ಥವಿಲ್ಲದ್ದನ್ನು ಹಾಡು ಅನ್ನಬಹುದೇ? ನಿಮ್ಮಂಥವರು ಬುದ್ಧಿ ಹೇಳಬೇಕು.
– ಹಳೆಯ ಓದುಗ, ಮಲ್ಲೇಶ್ವರಂ, ಬೆಂಗಳೂರು

ಮೇಷ್ಟ್ರೇ, ನಮಸ್ಕಾರ.

ಬುದ್ಧಿ ಹೇಳಿ ಅಂದಿದ್ದೀರಿ. ಹೇಳುತ್ತೇನೆ. ಆದರೆ ಮೊಮ್ಮಗನಿಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಮೊದಲು ನಿಮ್ಮ ಪಾಲಿನದನ್ನು ನಿಮಗೆ ಕೊಟ್ಟುಬಿಡುತ್ತೇನೆ. ಅರ್ಥವಿರುವ ರಾಕ್ ಹಾಡುಗಳು ಬೇಕಾದಷ್ಟಿವೆ. ಐರನ್ ಮೇಡನ್ ತಂಡದವರು ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆಯನ್ನೇ 1984ರಲ್ಲಿ ಹದಿಮೂರು ನಿಮಿಷಕ್ಕೂ ಜಾಸ್ತಿ ಉದ್ದದ ಹಾಡು ಮಾಡಿದರು. ಬಾಬ್ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ಲೇ ಬಂತು. ಅರ್ಥ ಇಟ್ಟು ಬರೆಯುವವರು ಬರೆಯಲಿ, ಒಳ್ಳೆಯದೇ. ಆಯ್ತಲ್ಲ?

ಅದೇ ಐರನ್ ಮೇಡನ್ 2007ರ ಮಾರ್ಚಿನಲ್ಲಿ ನಮ್ಮ ಅರಮನೆ ಮೈದಾನಕ್ಕೆ ಬಂದಿತ್ತು. ನಾನೂ ಹೋಗಿದ್ದೆ. ಧೂಳು ಅಂದರೆ ಧೂಳು, ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಿಂತಿದ್ದೆ. ಹಾಡು ಶುರುವಾದಾಗ ಸುತ್ತಲಿನ ಹುಡುಗರಲ್ಲಿ ಅರ್ಧ ಜನ ಸಾಲು ಗೊತ್ತಿಲ್ಲದೆ ಬಾಯಿ ಆಡಿಸುತ್ತಿದ್ದರು. ಗಿಟಾರ್ ಬಂತು ನೋಡಿ, ಎಲ್ಲರೂ ಆ ಗಿಟಾರಿನ ರಾಗವನ್ನೇ "ಓ... ಓ..." ಅಂತ ಹಾಡತೊಡಗಿದರು. ಒಂದು ಸ್ವರ ತಪ್ಪಲಿಲ್ಲ. ಇತಿಹಾಸ, ಕಾವ್ಯ ಎಲ್ಲ ಅರೆದು ಬರೆಯುವ ತಂಡದ ಮುಂದೆ ಜನ ಮನಸಾರೆ ಹಾಡಿದ್ದು ಪದವೇ ಇಲ್ಲದ ಜಾಗವನ್ನು.

ನಾನು ಕನ್ನಡ ಮೀಡಿಯಂ ಹುಡುಗ. ಗೆಳೆಯನ ಮನೆಯ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಿಂದೆ ಮುಂದೆ ಓಡಿಸಿ, ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆ ನೋಟ್‌ಬುಕ್ ಇನ್ನೂ ಇದೆ. ಜಿಮಿ ಹೆಂಡ್ರಿಕ್ಸ್ ಒಂದು ಹಾಡಿನಲ್ಲಿ ಆಕಾಶಕ್ಕೆ ಮುತ್ತು ಕೊಡುತ್ತೇನೆ, "ಕಿಸ್ ದ ಸ್ಕೈ", ಅನ್ನುತ್ತಾನೆ. ನನ್ನ ನೋಟ್‌ಬುಕ್ಕಿನಲ್ಲಿ ಅದು "ಕಿಷ್ಕಿಂಧಾಯ್" ಅಂತಿದೆ. ಕಾಗುಣಿತ ಸಮೇತ, ಮಹಾಪ್ರಾಣ ಹಾಕಿ ಬರೆದಿದ್ದೇನೆ. ಹತ್ತು ವರ್ಷ ಹಾಗೇ ಹಾಡಿದೆ. ಸರಿಯಾದ ಸಾಲು ಗೊತ್ತಾದ ದಿನ ಸ್ವಲ್ಪ ಬೇಜಾರೇ ಆಯಿತು. ನನಗೆ ನನ್ನ ಕಿಷ್ಕಿಂಧೆಯೇ ಚೆನ್ನಾಗಿತ್ತು.

ಈಗ ನಿಮ್ಮ ವೃತ್ತಿಬಾಂಧವರೊಬ್ಬರ ಕಥೆ. 1967ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್‌ಗೆ ಒಂದು ಕಾಗದ ಬಂತು. ಅವನು ಓದಿದ್ದ ಲಿವರ್‌ಪೂಲಿನ ಶಾಲೆಯ ಹುಡುಗನೊಬ್ಬ ಬರೆದಿದ್ದ. ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ಬೀಟಲ್ಸ್ ಹಾಡುಗಳ ಅರ್ಥ ಬಿಡಿಸುತ್ತಿದ್ದಾರೆ ಅಂತ. ಲೆನನ್‌ಗೆ ನಗು ಬಂತು. ಬಿಡಿಸಲಿ ನೋಡೋಣ ಅಂತ ಬೇಕೆಂದೇ ಕೈಗೆ ಸಿಗದ ಸಾಲುಗಳನ್ನು ಪೋಣಿಸಿ "ಐ ಆ್ಯಮ್ ದ ವಾಲ್ರಸ್" ಬರೆದ. ಆ ವಾಲ್ರಸ್ಸು, ಅಂದರೆ ಕೋರೆಹಲ್ಲಿನ ಕಡಲಪ್ರಾಣಿ, ಬಂದಿದ್ದು ಲೂಯಿಸ್ ಕ್ಯಾರಲ್‌ನ ಒಂದು ಪದ್ಯದಿಂದ. ಆ ಪದ್ಯದಲ್ಲಿ ವಾಲ್ರಸ್ಸೇ ಖಳನಾಯಕ ಅನ್ನುವುದು ಬರೆಯುವಾಗ ತನಗೆ ಹೊಳೆದೇ ಇರಲಿಲ್ಲ ಅಂತ ಲೆನನ್ ಆಮೇಲೆ ಹೇಳಿಕೊಂಡ. ಬರೆದವನಿಗೇ ಪೂರ್ತಿ ಗೊತ್ತಿಲ್ಲದ್ದನ್ನು ನಾವು ಐವತ್ತು ಚಿಲ್ಲರೆ ವರ್ಷದಿಂದ ಕೇಳುತ್ತಾ ಇದ್ದೇವೆ.

ಇನ್ನು ಅರ್ಥ ಹುಡುಕಲು ಪೊಲೀಸರೇ ಹೊರಟ ಕಥೆ ಇದಕ್ಕಿಂತ ಮಜಾ. 1963ರಲ್ಲಿ ಕಿಂಗ್ಸ್‌ಮೆನ್ ಎಂಬ ಅಮೆರಿಕದ ತಂಡ "ಲೂಯಿ ಲೂಯಿ" ಹಾಡಿತು. ಗಾಯಕನ ಮಾತು ಒಂದೂ ಬಿಡಿಸಿ ಕೇಳಿಸುವುದಿಲ್ಲ. ಕೇಳಿಸುವುದಿಲ್ಲ ಅಂದರೆ ಏನೋ ಅಶ್ಲೀಲವೇ ಇರಬೇಕು ಅಂತ ಹೆತ್ತವರಿಗೆ ಗುಮಾನಿ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ದೂರು ಹೋಯಿತು. ಎಫ್‌ಬಿಐ ಆ ರೆಕಾರ್ಡನ್ನು ಲ್ಯಾಬಿಗೆ ಒಯ್ದು, ನಿಧಾನಕ್ಕೆ ತಿರುಗಿಸಿ, ಜೋರಾಗಿ ತಿರುಗಿಸಿ, ಕಿವಿಗೊಟ್ಟು ಕೂತಿತು. ಕೊನೆಗೆ ಬಂದ ತೀರ್ಮಾನ: ಯಾವ ವೇಗದಲ್ಲಿ ಹಾಕಿದರೂ ತಿಳಿಯುವುದಿಲ್ಲ. ಹಾಡಿನಲ್ಲಿ ಅಸಲಿಗೆ ಇದ್ದದ್ದೇನು ಗೊತ್ತಾ? ಒಬ್ಬ ನಾವಿಕ ತನ್ನ ಹುಡುಗಿಯ ನೆನಪಾಗಿ, ಊರಿಗೆ ಹೋಗಬೇಕು ಕಣಯ್ಯ ಅಂತ ಲೂಯಿಯ ಹತ್ತಿರ ಗೋಳು ತೋಡಿಕೊಳ್ಳುತ್ತಾನೆ. ಅಷ್ಟೇ.

ಅದೆಲ್ಲ ಹೊರಗಿನವರ ಗೊಡವೆ, ನಮ್ಮದು ಅರ್ಥಗೌರವದ ಪರಂಪರೆ ಅನ್ನುತ್ತೀರಿ. ಬನ್ನಿ, ಶಿಶುನಾಳಕ್ಕೇ ಹೋಗೋಣ. "ಕೋಡಗನ್ನ ಕೋಳಿ ನುಂಗಿತ್ತ." ಷರೀಫರು 1889ರಲ್ಲಿ ತೀರಿಕೊಂಡರು. ಅದೇ ಕೋಳಿ ಇವತ್ತಿಗೂ ಕೋಡಗನನ್ನು ನುಂಗುತ್ತಲೇ ಇದೆ. ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ನಿಮ್ಮ ಕೈ ಮೇಲೆದ್ದಿದ್ದು ನನಗೆ ಇಲ್ಲಿಂದಲೇ ಕಾಣುತ್ತಿದೆ: "ಅದಕ್ಕೆ ಒಳಾರ್ಥ ಇದೆ, ಕೊನೆಯಲ್ಲಿ ಗುರು ಗೋವಿಂದನ ಪಾದ ಬರುತ್ತೆ!" ಬರುತ್ತೆ, ಒಪ್ಪಿದೆ. ಆದರೆ ನಿಜ ಹೇಳಿ, ನೀವು ಮೊದಲ ಸಲ ಕೇಳಿದಾಗ ಎಷ್ಟು ವಯಸ್ಸು? ನನಗೆ ಎಂಟು. ಆಗ ನನಗೆ ಸಿಕ್ಕಿದ್ದು ಒಂದು ಕೋಳಿ, ಅದರ ಬಾಯಲ್ಲಿ ಒಂದು ಮಂಗ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಗುರುಪಾದ ಬಂದಿದ್ದು ಎಷ್ಟೋ ವರ್ಷ ಆದಮೇಲೆ. ಮೊದಲ ದಿನವೇ ಯಾರಾದರೂ ಕೂರಿಸಿ ಒಳಾರ್ಥ ಹೇಳಿದ್ದರೆ ಕೋಳಿಯೂ ಹೋಗುತ್ತಿತ್ತು, ಗುರುವೂ ಹೋಗುತ್ತಿದ್ದ. ಅಲ್ಲಮನ ಒಗಟಿನಂಥ ಬೆಡಗಿನ ವಚನಗಳನ್ನು ನೀವೇ ಪಾಠ ಮಾಡಿದ್ದೀರಿ. ಕನಕದಾಸರ ಮುಂಡಿಗೆಗಳನ್ನೂ. ಆಗ ಇಲ್ಲದ ತಕರಾರು ಕರೆಂಟ್ ಕಂಬದ ಮೇಲೆ ಯಾಕೆ?

ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಹೋಗುವ ಅಭ್ಯಾಸ ನಿಮಗೂ ಇದ್ದೀತು. ಕೊನೆಯಲ್ಲಿ ತಿಲ್ಲಾನ ಬರುತ್ತದೆ. ಧೀಂ, ತನ, ದಿರನ. ಪಕ್ಕದ ಕುರ್ಚಿಯ ಅಮ್ಮ ಕಣ್ಣುಮುಚ್ಚಿ ತಾಳ ಹಾಕುತ್ತಾರೆ. ದಿರನ ಅಂದರೇನು ಅಂತ ಯಾರಾದರೂ ಎದ್ದುನಿಂತು ಕೇಳಿದ್ದಾರಾ? ನನಗೆ ತೆಲುಗು ಬಾರದು. ಆದರೂ ತ್ಯಾಗರಾಜರ ಕೆಲವು ಕೀರ್ತನೆ ಕೇಳಿದಾಗ ಗಂಟಲು ಕಟ್ಟುತ್ತದೆ. ಮೃದಂಗ ಇದ್ದರೆ ನಾವು ಸುಮ್ನೆ ಕೇಳುತ್ತೇವೆ. ಡ್ರಮ್ಸ್ ಇದ್ದ ಕೂಡಲೇ ಅರ್ಥದ ಲೆಕ್ಕ ಕೇಳುತ್ತೇವೆ. ಇದು ನ್ಯಾಯವಾ?

ಅಣ್ಣಾವ್ರ ಹಾಡನ್ನೇ ತೆಗೆದುಕೊಳ್ಳಿ. 1978ರ "ಆಪರೇಷನ್ ಡೈಮಂಡ್ ರಾಕೆಟ್" ಚಿತ್ರದಲ್ಲಿ ಅವರು ಹಾಡಿದ "ಇಫ್ ಯು ಕಮ್ ಟುಡೇ". ಇವತ್ತು ಬಂದರೆ ಬೇಗ ಆಯಿತಂತೆ, ನಾಳೆ ಬಂದರೆ ತಡವಂತೆ. ಇವತ್ತಿಗೂ ನಾಳೆಗೂ ನಡುವೆ ಯಾವ ಬಸ್ಸಿಗೆ ಬರಬೇಕು ಸ್ವಾಮಿ? ಯಾರೂ ಕೇಳಿಲ್ಲ. ಮದುವೆ ಆರ್ಕೆಸ್ಟ್ರಾದಲ್ಲಿ ಆ ಹಾಡು ಬಂದರೆ ಊಟದ ಪಂಕ್ತಿಯಲ್ಲಿರುವವರ ಕಾಲೂ ಕುಣಿಯುತ್ತದೆ.

ಈ ಅರ್ಥದ ಕಾಯಿಲೆ ಅಂಟಿದ್ದು ಎಲ್ಲಿ ಅನ್ನುವುದೂ ನನಗೆ ಗೊತ್ತು. ಬೇಸರ ಮಾಡಿಕೊಳ್ಳಬೇಡಿ, ಅದು ನಿಮ್ಮ ಕ್ಲಾಸ್‌ರೂಮಿನಲ್ಲೇ. ಏಳನೇ ಕ್ಲಾಸಿನಲ್ಲಿ ಮಳೆಯ ಮೇಲಿನ ಒಂದು ಪದ್ಯಕ್ಕೆ ಭಾವಾರ್ಥ ಬರೆಯಿರಿ ಅಂತ ಪ್ರಶ್ನೆ. "ಇದನ್ನು ಓದಿದರೆ ನಮ್ಮ ಮನೆ ಶೀಟಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ" ಅಂತ ಬರೆದೆ. ಐದಕ್ಕೆ ಅರ್ಧ ಅಂಕ. ಪಕ್ಕದವನು ಗೈಡಿನಿಂದ "ಕವಿಯು ಪ್ರಕೃತಿಯ ಸೊಬಗನ್ನು ಮನೋಜ್ಞವಾಗಿ ವರ್ಣಿಸಿದ್ದಾನೆ" ಅಂತ ಇಳಿಸಿದ. ಐದಕ್ಕೆ ನಾಲ್ಕೂವರೆ. ಆ ಅರ್ಧ ಅಂಕ ಇನ್ನೂ ನನ್ನ ಎದೆಯಲ್ಲಿದೆ, ನೋಡಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಲ್ಲಿ ಶುರುವಾದದ್ದು ಈಗ ಎಲ್ಲ ಕಡೆ ಹಬ್ಬಿದೆ. ಕವಿಗೋಷ್ಠಿಗೆ ಹೋಗಿ. ಕವಿ ಹತ್ತು ನಿಮಿಷ ಕವಿತೆ ಹುಟ್ಟಿದ್ದು ಹೇಗೆ ಅಂತ ವಿವರಿಸಿ, ಎರಡು ನಿಮಿಷ ಕವಿತೆ ಓದುತ್ತಾರೆ. ಸಿನಿಮಾ ಹಾಡು ಬಂದ ಸಂಜೆಯೇ ಅದರ "ಅಸಲಿ ಅರ್ಥ" ಹೇಳುವ ವಿಡಿಯೊ ಬರುತ್ತದೆ. ಹಾಡು ಕೇಳುವಾಗಲೂ ಪರದೆ ಮೇಲೆ ಓಡುವ ಅಕ್ಷರದ ಮೇಲೇ ಕಣ್ಣು. ನಮ್ಮ ಪತ್ರಿಕೆಯಲ್ಲಿ ಒಂದು ಪದ್ಯ ಬಂದರೆ ಮಾರನೇ ದಿನ ಫೋನು: "ಸಾರ್, ಇದರ ಸಂದೇಶ ಏನು?" ಸಂದೇಶ ಬೇಕಾದರೆ ಗೋಡೆಬರಹ ಓದಿ, ಬೇಕಾದಷ್ಟಿವೆ. ಹೋದ ತಿಂಗಳು ನನಗೆ ಒಂದು ಕಚೇರಿಯಿಂದ ಕಾಗದ ಬಂತು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖದನ್ವಯ ಸದರಿ" ಅಂತ ಶುರುವಾಗಿ ಒಂದೂವರೆ ಪುಟ ಓಡಿತ್ತು. ದುಡ್ಡು ನಾನು ಕೊಡಬೇಕಾ, ಅವರು ಕೊಡಬೇಕಾ ಅಂತ ಮೂರು ಸಲ ಓದಿದರೂ ಗೊತ್ತಾಗಲಿಲ್ಲ. ಅರ್ಥ ಬೇಕಾಗಿದ್ದದ್ದು ಅಲ್ಲಿ. ಅಲ್ಲಿ ನಾವು ಯಾರೂ ಸೊಲ್ಲೆತ್ತುವುದಿಲ್ಲ.

ಹಾಗಂತ ಕೈಗೆ ಬಂದದ್ದೆಲ್ಲ ಹಾಡು ಅಂತ ನಾನು ಹೇಳುತ್ತಿಲ್ಲ. ಅರ್ಥವಿಲ್ಲದ ಸಾಲಿನಲ್ಲೂ ಕೆಟ್ಟದ್ದು ಇರುತ್ತದೆ, ನಮಗೆ ಅಂಚೆಯಲ್ಲಿ ದಿನಾ ಬರುತ್ತದೆ. ಅದನ್ನು ಅಳೆಯುವುದು ಕಿವಿ ಮತ್ತು ನೆನಪು. ನಿಮ್ಮ ಪತ್ರವನ್ನೇ ನೋಡಿ. ಕಾರ್ ಶೆಡ್ಡಿನಿಂದ ಡ್ರಮ್ಸ್ ಗದ್ದಲದ ನಡುವೆ ಕೇಳಿದ ಮೂರು ಸಾಲನ್ನು ಒಂದು ಚಿತ್ತಿಲ್ಲದೆ ಬರೆದಿದ್ದೀರಿ. ಹುಣಸೆ ಹೂವು ನಿಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ತಲೆಯಲ್ಲೂ ಕೂತಿದೆ, ನಿನ್ನೆಯಿಂದ.

ಲಕೋಟೆಯ ಹಿಂದಿರುವ ವಿಳಾಸ ನೋಡಿದೆ. ಮನೆ 11ನೇ ಕ್ರಾಸಿನಲ್ಲೇ ಇದೆ. ಆ ತಾತ ಯಾರು, ಊಟ ಬಿಟ್ಟದ್ದು ಯಾವಾಗ ಅಂತ ನಾನು ಕೇಳುವುದಿಲ್ಲ. ನೀವೂ ಹುಡುಗನನ್ನು ಕೇಳಬೇಡಿ. ಆದರೆ ಮೂರೇ ಸಾಲು ಬರೆದು ನಿಲ್ಲಿಸಿದ್ದೀರಲ್ಲ, ನಾಲ್ಕನೆಯದು ಎಲ್ಲಿ? ಬರುವ ಭಾನುವಾರ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬರೆದುಕೊಂಡು ಕಳಿಸಿ. ಕೆಂಪು ಪೆನ್ನು ಬೇಡ.

– ಸಂಪಾದಕ