ಮಕ್ಕಳಿಗೆ ಏನು ತಗೊಂಡು ಹೋಗಲಿ ಅಂತ ಕೇಳಿದ್ದಕ್ಕೆ

ಚರ್ಚ್ ತಂಡದ ಜೊತೆ 10 ದಿನ ಕೊಳೆಗೇರಿಯಲ್ಲಿ ಸೇವೆ ಮಾಡಲು ಹೊರಟಿದ್ದೀರಿ, ಮಕ್ಕಳಿಗೆ ಏನು ತಗೊಂಡು ಹೋಗಲಿ ಅಂತ ಕೇಳಿದ್ದೀರಿ. ಏನೂ ಬೇಡ. ನಾನು ಮೊದಲ ಸಲ ಚೀಲ ತುಂಬ ಆಟಿಕೆ ಒಯ್ದು ಬೀದಿಯಲ್ಲೇ ಹಂಚಿದೆ, ಎರಡೇ ನಿಮಿಷಕ್ಕೆ ನೂಕುನುಗ್ಗಲು ಶುರುವಾಯಿತು, ದೊಡ್ಡ ಹುಡುಗರು ಕಿತ್ತುಕೊಂಡರು, ಒಂದು ಪುಟ್ಟ ಹುಡುಗಿ ಬರಿಗೈಯಲ್ಲಿ ಅಳುತ್ತಾ ನಿಂತಿದ್ದಳು. ಆ ಮುಖ ಇನ್ನೂ ಮರೆತಿಲ್ಲ. ಕೊಡಲೇಬೇಕು ಅನಿಸಿದರೆ, ಅಲ್ಲೇ ವರ್ಷಪೂರ್ತಿ ಕೆಲಸ ಮಾಡುವವರನ್ನು ಕೇಳಿ, ಅವರು ಹೇಳಿದ್ದನ್ನು ಆ ಊರಿನ ಅಂಗಡಿಯಲ್ಲೇ ಕೊಂಡು ಅವರ ಕೈಗೆ ಕೊಡಿ.

ಶಾಲೆಗೆ ಬಣ್ಣ ಹೊಡೆಯುತ್ತೇವೆ ಅಂದಿದ್ದೀರಲ್ಲ, ಅದನ್ನು ದಯವಿಟ್ಟು ಅಲ್ಲಿನ ಪೇಂಟರ್‌ಗೆ ಬಿಡಿ. ಕೂಲಿ ನೀವು ಕೊಡಿ. ಅದೇ ಓಣಿಯಲ್ಲಿ ಕೆಲಸ ಸಿಗದೆ ಕೂತವರು ಇರುತ್ತಾರೆ, ಅಲ್ವಾ?

ಅಪ್ಪ ಅಮ್ಮನನ್ನು ಕೇಳದೆ ಮಕ್ಕಳ ಫೋಟೋ ತೆಗೆಯಬೇಡಿ. ಮತ್ತೆ ಬರುತ್ತೇನೆ ಅಂತ ಸುಮ್ನೆ ಮಾತು ಕೊಡಬೇಡಿ, ಮಕ್ಕಳು ನಿಜವಾಗಿ ಕಾಯುತ್ತಾರೆ.

ಡಾಕ್ಟರನ್ನು ಈಗಲೇ ನೋಡಿ, ಯಾಕೆಂದರೆ ಟೈಫಾಯ್ಡ್ ಚುಚ್ಚುಮದ್ದು ಹೊರಡುವುದಕ್ಕೆ ಕನಿಷ್ಠ 2 ವಾರ ಮೊದಲೇ ಆಗಿರಬೇಕು. ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಉಪ್ಪು ಜಾಸ್ತಿ ಆಗಬಾರದು, ಮಕ್ಕಳಿಗೆ ಅಪಾಯ.

ಮೊದಲ ಎರಡು ದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ನೀರಿನ ಸಾಲಿನಲ್ಲಿ ಅವರ ಜೊತೆ ನಿಂತು ಅವರ ಮಾತು ಕೇಳಿ.