ಮೈದಾನದಲ್ಲಿ ಒಬ್ಬರೇ ಅಂಪೈರ್, ಎದುರಿಗೆ ಕೂಗಾಡುವ ಕೋಚ್

ಪ್ರಶ್ನೆ: ನಾನು ದಾವಣಗೆರೆ ಕಡೆಯವನು, ನ್ಯೂಜೆರ್ಸಿಯಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮಗ ಇಲ್ಲಿನ ಲಿಟಲ್ ಲೀಗ್‌ನಲ್ಲಿ ಬೇಸ್‌ಬಾಲ್ ಆಡುತ್ತಿದ್ದಾಗ ಅಂಪೈರ್‌ಗಳು ಸಾಲುತ್ತಿಲ್ಲ ಎಂದರು. ನಾನು ಒಪ್ಪಿಕೊಂಡು ತರಬೇತಿಗೂ ಹೋಗಿ ಬಂದೆ. ಈಗ ಮಗನಿಗೆ 14, ಅವನು ಆ ಲೀಗ್ ಬಿಟ್ಟಾಯಿತು. ನಾನು ಮಾತ್ರ 11-12 ವರ್ಷದ ಮಕ್ಕಳ ಆಟಗಳಿಗೆ ಹೋಗುತ್ತಲೇ ಇದ್ದೇನೆ. ದುಡ್ಡಿಗಲ್ಲ, ಇಷ್ಟಕ್ಕೆ. ಹೆಚ್ಚಿನ ದಿನ ಒಬ್ಬನೇ ಇರುತ್ತೇನೆ. ಕಳೆದ ಶನಿವಾರ ಎರಡನೇ ಬೇಸ್‌ನಲ್ಲಿ ಓಡಿ ಬಂದ ಒಬ್ಬ ಹುಡುಗನಿಗೆ ಸೇಫ್, ಅಂದರೆ ಔಟ್ ಅಲ್ಲ ಎಂದು ಕೊಟ್ಟೆ. ಎದುರು ತಂಡದ ಕೋಚ್ ಕೂಗುತ್ತಾ ಒಳಗೆ ಬಂದ. ಯಾಕೆ ಸೇಫ್ ಎಂದು ಐದು ನಿಮಿಷ ವಿವರಿಸಿದೆ. ಕೊನೆಗೆ ಅವನು, 'ಇದೇನು ನಿನ್ನ ಕ್ರಿಕೆಟ್ ಅಂದುಕೊಂಡೆಯಾ' ಎಂದ. ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಅಮ್ಮಂದಿರು ನಕ್ಕರು. ಮುಂದಿನ ಇನ್ನಿಂಗ್ಸ್‌ನಲ್ಲಿ ಒಂದು ಅನುಮಾನದ ಪಿಚ್ (ಬ್ಯಾಟರ್‌ಗೆ ಎಸೆದ ಚೆಂಡು) ಅವನ ತಂಡದ ಪರ ಕೊಟ್ಟುಬಿಟ್ಟೆ ಅನ್ನಿಸುತ್ತಿದೆ. ಅವತ್ತು ನನ್ನ ಮಗನೂ ಅಲ್ಲಿದ್ದ. ಕಾರಿನಲ್ಲಿ 'ಅಪ್ಪಾ, ಸಾಕು ಬಿಟ್ಟುಬಿಡು' ಎಂದ. ಹೆಂಡತಿಯದೂ ಅದೇ ಮಾತು. ಆ ಕೋಚ್ ನಮ್ಮ ಊರಿನವನೇ, ಅಂಗಡಿಯಲ್ಲಿ ಎದುರಾಗುತ್ತಾನೆ. ಮುಂದಿನ ತಿಂಗಳು ಅವನ ತಂಡದ ಇನ್ನೊಂದು ಆಟ ನನಗೇ ಬಿದ್ದಿದೆ. ಬಿಡಲೋ, ಹೋಗಲೋ?
— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಹೋಗಿ. ಆದರೆ ಕಳೆದ ಶನಿವಾರ ಹೋದ ಹಾಗೆ ಹೋಗಬೇಡಿ.

ನಿಮ್ಮ ಪತ್ರ ಓದಿದಾಗ ಆ ಕ್ರಿಕೆಟ್ ಮಾತು ನನಗೂ ಚುಚ್ಚಿತು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 'ಐದು ನಿಮಿಷ ವಿವರಿಸಿದೆ' ಎಂಬ ಸಾಲು. ತೊಂದರೆ ಶುರುವಾದದ್ದೇ ಅಲ್ಲಿ. ನೀವು ಹೆದರಿದವರಲ್ಲ, ಆಟ ಗೊತ್ತಿಲ್ಲದವರೂ ಅಲ್ಲ. ಯಾರಾದರೂ ಬೇಜಾರಾದರೆ ಸಮಾಧಾನ ಮಾಡಿಯೇ ಕಳಿಸಬೇಕು ಎಂದು ಬೆಳೆದವರು. ನಮ್ಮಲ್ಲಿ ಬಹಳ ಜನ ಹಾಗೇ. ಮನೆಯಲ್ಲಿ, ಆಫೀಸಿನಲ್ಲಿ ಅದು ಒಳ್ಳೆಯ ಗುಣ. ಬ್ಯಾಟರ್ ಆಡುವ ಹೋಮ್ ಪ್ಲೇಟ್ ಹಿಂದೆ ಮಾಸ್ಕ್ ಹಾಕಿ ನಿಂತಾಗ ಮಾತ್ರ ಅದು ನಿಮಗೇ ಮುಳುವಾಗುತ್ತದೆ. ನೀವು ಒಂದೊಂದು ಕಾರಣ ಕೊಟ್ಟಾಗಲೂ ಕೋಚ್‌ಗೆ ಹಿಡಿದು ಜಗ್ಗಲು ಹೊಸದೊಂದು ಎಳೆ ಸಿಗುತ್ತದೆ. ಮೊದಲ ನಿಮಿಷದಲ್ಲಿ ಅವನು ಜಗಳ ಆಡುತ್ತಿದ್ದದ್ದು ನಿಮ್ಮ ತೀರ್ಪಿನ ಜೊತೆ. ಐದನೇ ನಿಮಿಷಕ್ಕೆ ನಿಮ್ಮ ಜೊತೆ.

ಸೇಫ್, ಔಟ್, ಸ್ಟ್ರೈಕ್, ಬಾಲ್, ಫೇರ್, ಫೌಲ್: ಇವೆಲ್ಲ ಅಂಪೈರ್ ಕಣ್ಣಿಗೆ ಬಿಟ್ಟದ್ದು, ಅವರು ಹೇಳಿದ್ದೇ ಕೊನೆ, ಯಾರೂ ತಕರಾರು ಮಾಡುವ ಹಾಗಿಲ್ಲ. ಬೇಸ್‌ಬಾಲ್ ನಿಯಮದಲ್ಲೇ ಇದು ಇದೆ, ನಿಮಗೂ ಗೊತ್ತು. ನಿಯಮವನ್ನೇ ತಪ್ಪಾಗಿ ಹಾಕಿದ್ದೀರಿ ಎಂದು ಕೋಚ್‌ಗೆ ಅನ್ನಿಸಿದರೆ ಮಾತು ಬೇರೆ. ಇನ್‌ಫೀಲ್ಡ್ ಫ್ಲೈ (ಒಳಮೈದಾನದಲ್ಲಿ ಸುಲಭವಾಗಿ ಹಿಡಿಯಬಹುದಾದ ಎತ್ತರದ ಹೊಡೆತಕ್ಕೆ ಬ್ಯಾಟರ್ ಔಟ್ ಅನ್ನುವ ನಿಯಮ) ಎಂದು ಕೂಗಿದಿರಿ, ಆದರೆ ಮೊದಲ ಬೇಸ್‌ನಲ್ಲಿ ಮಾತ್ರ ರನ್ನರ್ ಇದ್ದ ಅಂದುಕೊಳ್ಳಿ. ಆ ನಿಯಮಕ್ಕೆ ಮೊದಲನೆಯ ಮತ್ತು ಎರಡನೆಯ ಬೇಸ್ ಎರಡರಲ್ಲೂ ರನ್ನರ್ ಇರಬೇಕು, ಔಟ್ ಎರಡಕ್ಕಿಂತ ಕಡಿಮೆ ಇರಬೇಕು. ಇಂಥದ್ದನ್ನು ಕೋಚ್ ಟೈಮ್ ಕೇಳಿ, ನಡೆದುಕೊಂಡು ಬಂದು, ಸಮಾಧಾನವಾಗಿ ಹೇಳಿದರೆ ಕಿವಿಗೊಟ್ಟು ಕೇಳಿ. ತಪ್ಪಾಗಿದ್ದರೆ ಅಲ್ಲೇ ಸರಿಮಾಡಿ. ಅದರಲ್ಲಿ ಅವಮಾನ ಏನೂ ಇಲ್ಲ. ಇಂಥ ಮಾತಿಗೆ ಪೂರ್ತಿ ಕಿವಿ ಕೊಡುವ ಅಂಪೈರ್, ಸೇಫ್-ಔಟ್ ತಕರಾರಿಗೆ ಕಿವಿ ಕೊಡದಿದ್ದರೂ ಜನ ಒಪ್ಪುತ್ತಾರೆ.

ಹಾಗಾದರೆ ಎರಡನೇ ಬೇಸ್ ಬಗ್ಗೆ ಅವನು ಕೂಗಿದಾಗ ಏನು ಹೇಳಬೇಕಿತ್ತು? 'ಟ್ಯಾಗ್ ಆಗುವ ಮುಂಚೆ ಕಾಲು ಬೇಸ್ ಮುಟ್ಟಿತ್ತು, ಕೋಚ್.' (ಟ್ಯಾಗ್ ಅಂದರೆ ಚೆಂಡು ಹಿಡಿದ ಕೈ ರನ್ನರ್‌ಗೆ ತಾಗುವುದು.) ಅಷ್ಟೇ. ಒಂದೇ ಸಾಲು, ಒಂದೇ ಸಲ, ಮಾಮೂಲಿ ದನಿಯಲ್ಲಿ. ಅವನು ಪ್ರಶ್ನೆ ಕೇಳಿದರೆ ಉತ್ತರ ಕೊಡಿ. 'ಅಯ್ಯೋ, ಇದೆಂಥ ತೀರ್ಪು' ಅನ್ನುವುದು ಪ್ರಶ್ನೆಯಲ್ಲ, ಅದಕ್ಕೆ ಉತ್ತರವೂ ಬೇಕಾಗಿಲ್ಲ. ಆಮೇಲೆ 'ನಿಮ್ಮ ಮಾತು ಕೇಳಿಸಿತು, ಆಟ ಶುರು ಮಾಡೋಣ' ಎಂದು ತಿರುಗಿ ಪ್ಲೇಟ್ ಕಡೆ ನಡೆಯಿರಿ. ಕೈ ತೋರಿಸಿ ಮಾತಾಡಬೇಡಿ. ಡಗೌಟ್ ತನಕ ಅವನ ಹಿಂದೆ ಹೋಗಬೇಡಿ. ಹೋಗುತ್ತಾ ಅವನು ಏನೋ ಗೊಣಗಿದರೆ ಗೊಣಗಲಿ ಬಿಡಿ, ಕೊನೆಯ ಮಾತು ಅವನದೇ ಆಗಲಿ. ಕೋಪ ತಣ್ಣಗಾಗಲು ಒಂದು ಗಳಿಗೆ ಬೇಕು ಅನ್ನಿಸಿದರೆ ಜೇಬಿನಲ್ಲಿ ಬ್ರಷ್ ಇದೆಯಲ್ಲ, ಪ್ಲೇಟ್ ಗುಡಿಸಿ. ಧೂಳು ಇಲ್ಲದಿದ್ದರೂ ಗುಡಿಸಿ. ಹಳೆಯ ಅಂಪೈರ್‌ಗಳೆಲ್ಲ ಮಾಡುವುದು ಇದನ್ನೇ.

ಇನ್ನು ಒಬ್ಬರೇ ಇರುವ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಪ್ರಕಾರ ನಿಮ್ಮ ತಲೆನೋವಿನಲ್ಲಿ ಅರ್ಧ ಇಲ್ಲೇ ಕಡಿಮೆಯಾಗುತ್ತದೆ.

ಒಬ್ಬ ಅಂಪೈರ್‌ಗೆ ಎಲ್ಲವೂ ಕಾಣುವುದಿಲ್ಲ. ಇದು ಬೇಸ್‌ಬಾಲ್‌ನಷ್ಟೇ ಹಳೆಯ ಕಥೆ. 1876ರಲ್ಲಿ ನ್ಯಾಷನಲ್ ಲೀಗ್ ಶುರುವಾದಾಗ ದೊಡ್ಡವರ ವೃತ್ತಿಪರ ಆಟಕ್ಕೂ ಒಬ್ಬರೇ ಅಂಪೈರ್. ಅವರು ಚೆಂಡಿನ ಕಡೆ ನೋಡುತ್ತಿದ್ದಾಗ 'ಕಿಂಗ್' ಕೆಲ್ಲಿ ಎಂಬ ಆಟಗಾರ ಬೇಸ್ ಮುಟ್ಟದೆ ಮೈದಾನದ ಮಧ್ಯೆಯೇ ಅಡ್ಡ ಓಡಿಬಿಡುವುದಕ್ಕೆ ಹೆಸರುವಾಸಿ. 1890ರ ದಶಕದಲ್ಲಿ ಬಾಲ್ಟಿಮೋರ್ ತಂಡದ ಜಾನ್ ಮೆಗ್ರಾ, ರನ್ನರ್ ಓಡದ ಹಾಗೆ ಅವನ ಬೆಲ್ಟ್ ಹಿಡಿದುಕೊಳ್ಳುತ್ತಿದ್ದ ಎಂದು ಇವತ್ತಿಗೂ ಹೇಳುತ್ತಾರೆ. ಈಗ ಮೇಜರ್ ಲೀಗ್‌ನಲ್ಲಿ ನಾಲ್ವರು ಅಂಪೈರ್‌ಗಳು, ಮೇಲೆ ವಿಡಿಯೊ ಬೇರೆ. ಆ ನಾಲ್ವರ ಕೆಲಸವನ್ನು ನೀವು ಒಬ್ಬರೇ, ಅದೂ ಬಿಟ್ಟಿಯಾಗಿ ಮಾಡುತ್ತಿದ್ದೀರಿ. ಇದನ್ನು ನೀವು ಮರೆಯಬೇಡಿ, ಕೋಚ್‌ಗಳಿಗೂ ಮರೆಯಲು ಬಿಡಬೇಡಿ.

ಅದಕ್ಕೇ ಆಟಕ್ಕೆ ಮುಂಚೆ ಪ್ಲೇಟ್ ಹತ್ತಿರ ಇಬ್ಬರು ಕೋಚ್‌ಗಳನ್ನೂ ಸೇರಿಸುತ್ತೀರಲ್ಲ, ಆ ಎರಡು ನಿಮಿಷ ಬಹಳ ಮುಖ್ಯ. ತಂಡದ ಪಟ್ಟಿ ತೆಗೆದುಕೊಂಡು, ಬೇಲಿ ಎಲ್ಲಿದೆ ಎಂದು ಹೇಳಿ ಮುಗಿಸಬೇಡಿ. ಹೀಗೆ ಹೇಳಿ: 'ಇವತ್ತು ನಾನೊಬ್ಬನೇ. ಕಂಡದ್ದನ್ನು ಹೇಳುತ್ತೇನೆ, ಕಾಣದ್ದನ್ನು ಊಹಿಸಿ ಹೇಳುವುದಿಲ್ಲ. ಇನ್ನೊಬ್ಬರನ್ನು ಕೇಳಿ ಎಂದರೆ ಕೇಳಲು ಇನ್ನೊಬ್ಬರಿಲ್ಲ. ನಿಯಮದ ಪ್ರಶ್ನೆ ಇದ್ದರೆ ಟೈಮ್ ತೆಗೆದುಕೊಂಡು ಬನ್ನಿ, ಮುಖ್ಯ ಕೋಚ್ ಒಬ್ಬರೇ ಬನ್ನಿ. ಸೇಫ್-ಔಟ್ ಬಗ್ಗೆ ಚರ್ಚೆ ಇಲ್ಲ.' ಒಂದು ಉದಾಹರಣೆಯನ್ನೂ ಅಲ್ಲೇ ಕೊಟ್ಟುಬಿಡಿ. ಈ ವಯಸ್ಸಿನ ಮಕ್ಕಳ ಆಟದಲ್ಲಿ ಪಿಚ್ ಬ್ಯಾಟರ್ ಹತ್ತಿರ ಬರುವವರೆಗೆ ರನ್ನರ್ ಬೇಸ್ ಬಿಡುವ ಹಾಗಿಲ್ಲ. 'ಮುಂಚೆನೇ ಓಡಿದ, ಮುಂಚೆನೇ ಓಡಿದ' ಎಂದು ಪ್ರತಿ ಆಟದಲ್ಲೂ ಯಾರಾದರೂ ಕೂಗುತ್ತಾರೆ. ಆ ಹೊತ್ತಿಗೆ ನಿಮ್ಮ ಕಣ್ಣು ಪಿಚ್ ಮೇಲಿರಬೇಕು. ಎರಡನ್ನೂ ಒಟ್ಟಿಗೆ ನೋಡಲು ಯಾರಿಂದಲೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿದರೆ ವಿವರಣೆ. ಜಗಳದ ಮಧ್ಯೆ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ.

ಆಮೇಲೆ ಕಾಲಿನ ಕೆಲಸ. ಪ್ಲೇಟ್‌ನಿಂದ ಎರಡನೇ ಬೇಸ್‌ಗೆ ನಿಮ್ಮ ಮೈದಾನದಲ್ಲಿ ಸುಮಾರು 85 ಅಡಿ. ಪ್ಲೇಟ್ ಹಿಂದೆಯೇ ನಿಂತು ಅಲ್ಲಿಗೆ ಸೇಫ್ ಕೊಟ್ಟರೆ, ತೀರ್ಪು ಸರಿಯಿದ್ದರೂ ಯಾರೂ ನಂಬುವುದಿಲ್ಲ. ಕ್ಯಾಚರ್ ಎರಡನೇ ಬೇಸ್‌ಗೆ ಎಸೆಯಲು ಎದ್ದ ಕೂಡಲೇ ಅವನಿಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿದು, ಚೆಂಡು ದಾಟಿದ ಮೇಲೆ ಪಿಚರ್ ಕಡೆಗೆ ಬಿರಬಿರನೆ ಮುಂದೆ ಬನ್ನಿ. ಪಿಚರ್ ನಿಲ್ಲುವ ಜಾಗ ಇರುವುದು 46 ಅಡಿಯಲ್ಲಿ. ಅಲ್ಲಿಗೆ ಅರ್ಧ ದಾರಿ ಬಂದರೂ ಸಾಕು, ನೋಟವೇ ಬದಲಾಗುತ್ತದೆ. ಆದರೆ ಟ್ಯಾಗ್ ಆಗುವ ಹೊತ್ತಿಗೆ ಎಲ್ಲಿದ್ದರೂ ನಿಂತುಬಿಡಿ. ಓಡುತ್ತಾ ನೋಡಿದರೆ ಕಣ್ಣು ಕುಣಿಯುತ್ತದೆ. ದೂರಕ್ಕಿಂತ ಮುಖ್ಯ ಕೋನ: ಗ್ಲೌಸ್ ಮತ್ತು ರನ್ನರ್ ಕಾಲಿನ ನಡುವಿನ ಜಾಗ ಕಾಣಬೇಕು, ಫೀಲ್ಡರ್ ಬೆನ್ನು ಕಾಣಬಾರದು. ಟ್ಯಾಗ್ ಆದ ಮೇಲೂ ಬಾಯಿ ತೆರೆಯುವ ಮುಂಚೆ ಚೆಂಡು ಎಲ್ಲಿದೆ ಎಂದು ನೋಡಿ. ಮಕ್ಕಳ ಕೈಯಿಂದ ಅದು ಜಾರುವುದು ಮಾಮೂಲು. ಔಟ್ ಎಂದು ಕೂಗಿದ ಮೇಲೆ ಚೆಂಡು ಮಣ್ಣಿನಲ್ಲಿ ಉರುಳುತ್ತಿದ್ದರೆ ಯಾವ ದನಿಯೂ ಕೆಲಸಕ್ಕೆ ಬರುವುದಿಲ್ಲ. ಎಲ್ಲ ನೋಡಿಕೊಂಡು, ಒಂದು ಉಸಿರು ತಡೆದು, ಆಮೇಲೆ ಜೋರಾಗಿ ಹೇಳಿ. ಅಂಪೈರ್ ಬೆವರು ಸುರಿಸಿಕೊಂಡು ಓಡಿ ಬರುವುದನ್ನು ನೋಡಿದ ಕೋಚ್‌ಗಳಲ್ಲಿ ಮುಕ್ಕಾಲು ಪಾಲು ಸುಮ್ಮನಾಗುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಅನುಮಾನದ ಪಿಚ್ ವಿಷಯ ನೀವೇ ಬರೆದದ್ದು ನನಗೆ ತುಂಬಾ ಹಿಡಿಸಿತು, ಬಚ್ಚಿಡಬಹುದಿತ್ತು. ಇದೊಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿಯೇ ಹೇಳುತ್ತೇನೆ: ಸಮ ಮಾಡಲು ಹೋಗಬೇಡಿ. ಅಲ್ಲಿ ಏಟು ಬಿದ್ದದ್ದು ಕೋಚ್‌ಗಲ್ಲ, ಬ್ಯಾಟ್ ಹಿಡಿದು ನಿಂತಿದ್ದ ಹನ್ನೊಂದು ವರ್ಷದ ಮಗುವಿಗೆ. ಆ ಮಗು ನಿಮ್ಮ ಮೇಲೆ ಕೂಗಿರಲಿಲ್ಲ. ಜೊತೆಗೆ, ಕೂಗಿದರೆ ಸಿಗುತ್ತದೆ ಎಂದು ಆ ಕೋಚ್ ಕಲಿತುಕೊಂಡ. ಮುಂದಿನ ಆಟದಲ್ಲಿ ಇನ್ನೂ ಜಾಸ್ತಿ ಕೂಗುತ್ತಾನೆ.

ತಪ್ಪಾದರೆ? ಆಗುತ್ತದೆ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಪಿಚರ್ ಅರ್ಮಾಂಡೊ ಗಲರಾಗಾ ಸತತವಾಗಿ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. ಇನ್ನೊಂದು ಔಟ್ ಸಿಕ್ಕಿದ್ದರೆ ಪರ್ಫೆಕ್ಟ್ ಗೇಮ್, ಅಂದರೆ ಎದುರು ತಂಡದ ಒಬ್ಬರೂ ಬೇಸ್ ತಲುಪದ ಆಟ. ಕೊನೆಯ ರನ್ನರ್‌ಗೆ ಮೊದಲ ಬೇಸ್‌ನಲ್ಲಿ ಅಂಪೈರ್ ಜಿಮ್ ಜಾಯ್ಸ್ ಸೇಫ್ ಕೊಟ್ಟರು. ಅವನು ಔಟ್ ಆಗಿದ್ದ. ಅಂಥ ತೀರ್ಪನ್ನು ವಿಡಿಯೊ ನೋಡಿ ಬದಲಿಸುವ ವ್ಯವಸ್ಥೆ ಆಗ ಇರಲಿಲ್ಲ. ಆಟ ಮುಗಿದ ಮೇಲೆ ದೃಶ್ಯ ನೋಡಿದ ಜಾಯ್ಸ್, ತಪ್ಪಾಯಿತು ಎಂದು ನೇರವಾಗಿ ಒಪ್ಪಿಕೊಂಡು ಗಲರಾಗಾ ಅವರ ಕ್ಷಮೆ ಕೇಳಿದರು. ಮರುದಿನ ಪ್ಲೇಟ್ ಹಿಂದೆ ನಿಲ್ಲಲು ಬಂದರು. ತಂಡದ ಪಟ್ಟಿಯನ್ನು ಅವರ ಕೈಗೆ ತಂದುಕೊಟ್ಟವರು ಗಲರಾಗಾ. ಜಾಯ್ಸ್ ಮರುದಿನ ಬರಲಿಲ್ಲ ಅಂದಿದ್ದರೂ ಯಾರೂ ದೂರುತ್ತಿರಲಿಲ್ಲ. ಅವರು ಬಂದರು.

ಈಗ ಆ ಕ್ರಿಕೆಟ್ ಮಾತಿಗೆ ಬರೋಣ. 'ತೀರ್ಪು ತಪ್ಪು' ಅನ್ನುವುದು ತೀರ್ಪಿನ ಮೇಲಿನ ಮಾತು, ಸ್ವಲ್ಪ ಸಹಿಸಿಕೊಳ್ಳಬಹುದು. ನೀವು ಎಲ್ಲಿಂದ ಬಂದಿರಿ, ಏನು ಆಡಿ ಬೆಳೆದಿರಿ ಎಂದು ಕೆಣಕಿದ್ದು ನಿಮ್ಮ ಮೇಲಿನ ಮಾತು. ಅಲ್ಲಿಗೆ ಗೆರೆ ದಾಟಿದ ಹಾಗೆ. ಜನ ನಕ್ಕರು ಎಂದ ಮಾತ್ರಕ್ಕೆ ಅದು ತಮಾಷೆ ಆಗುವುದಿಲ್ಲ. ಮತ್ತೆ ಅಂಥ ಮಾತು ಬಂದರೆ ಆಟ ನಿಲ್ಲಿಸಿ, 'ಕೋಚ್, ನನ್ನ ಬಗ್ಗೆ ಮಾತಾಡಬೇಡಿ, ಇದು ಎಚ್ಚರಿಕೆ' ಅನ್ನಿ. ಇನ್ನೊಮ್ಮೆ ಬಂದರೆ ಆಟದಿಂದ ಹೊರಗೆ ಹಾಕಿ. ಬಾಯಿಗೆ ಬಂದ ಹಾಗೆ ಬೈದರೆ, ಮೈಮೇಲೆ ಬಂದರೆ, ಎಚ್ಚರಿಕೆಯೂ ಬೇಡ. ಹೊರಗೆ ಹಾಕುವುದೆಂದರೆ ಕೋಪ ತೀರಿಸಿಕೊಳ್ಳುವುದಲ್ಲ. ಅದಕ್ಕೆ ದನಿ ಏರಿಸಬೇಕಾಗಿಯೇ ಇಲ್ಲ. ಲಿಟಲ್ ಲೀಗ್ ನಿಯಮದಲ್ಲಿ ಹೊರಹೋದ ಕೋಚ್ ಮೈದಾನ ಬಿಡಬೇಕು, ಪ್ರೇಕ್ಷಕರ ಜೊತೆ ಕೂರುವ ಹಾಗೂ ಇಲ್ಲ. ಆ ತಂಡ ಆಡುವ ಮುಂದಿನ ಆಟಕ್ಕೂ ಅಮಾನತು. ಅವನು ಹೋಗುವವರೆಗೆ ಆಟ ಶುರು ಮಾಡಬೇಡಿ. ಹೋಗಲ್ಲ ಅಂದರೆ ನೀವು ವಾದಕ್ಕೆ ನಿಲ್ಲಬೇಡಿ, ಲೀಗ್‌ನವರಿಗೆ ಫೋನ್ ಮಾಡಿ.

ಕಳೆದ ಶನಿವಾರದ್ದು ಹೀಗೇ ಹೋಗಲು ಬಿಡಬೇಡಿ. ಇವತ್ತು ರಾತ್ರಿಯೇ ಲೀಗ್ ಅಧ್ಯಕ್ಷರಿಗೂ ಅಂಪೈರ್‌ಗಳ ಮುಖ್ಯಸ್ಥರಿಗೂ ಒಂದು ಮೇಲ್ ಬರೆಯಿರಿ. ಯಾವ ಆಟ, ಯಾವ ಇನ್ನಿಂಗ್ಸ್, ಅವನು ಆಡಿದ ಮಾತು ಅವನ ಬಾಯಲ್ಲೇ ಬಂದ ಹಾಗೆ, ನೀವು ಏನು ಹೇಳಿದಿರಿ, ಅಷ್ಟೇ ಸಾಕು. ನಿಮ್ಮ ನೋವು, ಅಭಿಪ್ರಾಯ ಅದರಲ್ಲಿ ಬೇಡ. ಕೊನೆಗೆ ಎರಡು ಕೋರಿಕೆ ಇಡಿ: ಮುಂದಿನ ತಿಂಗಳ ಆ ಆಟಕ್ಕೆ ಬೇಸ್ ಕಡೆ ಇನ್ನೊಬ್ಬ ಅಂಪೈರ್ ಕೊಡಿ, ಆಟದ ಹೊತ್ತಿಗೆ ಲೀಗ್‌ನ ಒಬ್ಬರು ಅಲ್ಲಿರಲಿ. ಇದು ಹೆಚ್ಚಿನ ಬೇಡಿಕೆಯಲ್ಲ. ನಿಮ್ಮ ರಾಜ್ಯದಲ್ಲೇ ಡೆಪ್ಟ್‌ಫರ್ಡ್‌ನ ಲಿಟಲ್ ಲೀಗ್ 2023ರಲ್ಲಿ ಒಂದು ನಿಯಮ ತಂದಿತು. ಬೈಗುಳ ತಾಳಲಾರದೆ ಅಲ್ಲಿ ಅಂಪೈರ್‌ಗಳು ಬಿಟ್ಟು ಹೋಗಿದ್ದರು. ಅದಕ್ಕೇ, ಅಂಪೈರ್ ಮೇಲೆ ಹರಿಹಾಯ್ದ ಪ್ರೇಕ್ಷಕರು ತಾವೇ ಮೂರು ಆಟಗಳಿಗೆ ಅಂಪೈರ್ ಆಗಿ ನಿಂತ ಮೇಲೆಯೇ ಮತ್ತೆ ಆಟ ನೋಡಲು ಬರಬೇಕು ಎಂದು ಮಾಡಿದರು. ನಿಮ್ಮ ಮೇಲ್‌ನಲ್ಲಿ ಇದನ್ನೂ ಒಂದು ಸಾಲು ನೆನಪಿಸಿದರೆ ತಪ್ಪಿಲ್ಲ.

ಅಂಗಡಿಯಲ್ಲಿ ಎದುರಾದರೆ ನಮಸ್ಕಾರ ಹೇಳಿ, ಹಾಲು ಮೊಸರು ತೆಗೆದುಕೊಂಡು ಬನ್ನಿ. ಆಟದ ಮಾತು ಎತ್ತಿದರೆ, 'ಅದನ್ನು ಲೀಗ್‌ಗೆ ಬರೆದಿದ್ದೇನೆ' ಅನ್ನಿ. ಅಲ್ಲಿ ರಾಜಿಯೂ ಬೇಡ, ಜಗಳವೂ ಬೇಡ.

ಮಗನ ಮಾತು ನನ್ನನ್ನು ಕಾಡಿತು. ಹದಿನಾಲ್ಕರ ಹುಡುಗ ಅಪ್ಪನನ್ನು ನೋಡಿ ಜನ ನಗುವುದನ್ನು ಕಂಡಿದ್ದಾನೆ. ಅವನಿಗೆ ನಾಚಿಕೆಯೂ ಆಗಿರುತ್ತದೆ, ನಿಮ್ಮ ಮೇಲೆ ಪ್ರೀತಿಯಿಂದ ಸಂಕಟವೂ ಆಗಿರುತ್ತದೆ. 'ನಿನಗೆ ಗೊತ್ತಾಗಲ್ಲ ಬಿಡು' ಅನ್ನಬೇಡಿ. ಬರೆದ ಮೇಲ್ ಅವನಿಗೆ ತೋರಿಸಿ. ಮುಂದಿನ ಸಲ ಏನು ಮಾಡುತ್ತೀರಿ ಎಂದು ಹೇಳಿ. ಆ ಆಟ ಆಡಿ ಬೆಳೆದವನು ಅವನು, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ಕೇಳಿ ನೋಡಿ. ಆದರೆ ಅವನನ್ನೇ ಬೇಸ್ ಅಂಪೈರ್ ಮಾಡಿ ಕರೆದುಕೊಂಡು ಹೋಗುವ ಯೋಚನೆ ಈ ಸೀಸನ್‌ಗಂತೂ ಬೇಡ. ದೊಡ್ಡವರ ಮೇಲೆ ಕೂಗುವವನು ಹುಡುಗನ ಮೇಲೂ ಕೂಗುತ್ತಾನೆ. ಅದನ್ನು ನೀವು ತಡೆದುಕೊಳ್ಳಲಾರಿರಿ. ಆ ದಿನ ಅವನು ಆಟಕ್ಕೆ ಬರಲ್ಲ ಅಂದರೆ ಬಲವಂತ ಮಾಡಬೇಡಿ.

ಇನ್ನು ಬಿಡುವ ಮಾತು. ನಿಮ್ಮ ಮನೆಯವರು ಹೇಳುವುದು ನಿಮ್ಮ ಒಳ್ಳೆಯದಕ್ಕೇ, ಅದನ್ನು ತಳ್ಳಿಹಾಕಲಾರೆ. ನೀವು ಬರೆದ ಮೇಲೂ ಲೀಗ್‌ನವರು ಸುಮ್ಮನಿದ್ದರೆ, ಇನ್ನೊಬ್ಬ ಅಂಪೈರನ್ನೂ ಕೊಡದೆ, ಆ ಕೋಚ್ ಜೊತೆ ಮಾತನ್ನೂ ಆಡದೆ 'ನೀವೇ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ' ಅಂದರೆ, ಆಗ ಆ ಒಂದು ಆಟ ಬೇಡ ಎಂದು ವಾರ ಮುಂಚೆಯೇ ತಿಳಿಸಿ. ಮುಂದೆಯೂ ಅದೇ ಧಾಟಿ ಕಂಡರೆ ಆ ಲೀಗ್ ಬಿಡಿ. ಪಕ್ಕದ ಊರಿನಲ್ಲೂ ಲೀಗ್ ಇರುತ್ತದೆ, ಅವರಿಗೂ ಅಂಪೈರ್‌ಗಳು ಬೇಕಾಗಿರುತ್ತಾರೆ. ಆಟ ನಿಮಗೆ ಇಷ್ಟ ಎಂದು ಪತ್ರದಲ್ಲೇ ಬರೆದಿದ್ದೀರಿ, ಅದನ್ನು ಒಬ್ಬ ಕೋಚ್‌ಗೋಸ್ಕರ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಆ ಮೇಲ್ ಕಳಿಸಿ. ಅವರು ಏನು ಉತ್ತರ ಕೊಟ್ಟರು ಎಂದು ನನಗೂ ಬರೆಯಿರಿ.